ರಸ್ತೆ ಕಾಣದ ಟಯರು

ಹದಿನೆಂಟು ವರ್ಷ ಮೀನಿನ ಬುಟ್ಟಿ ಹೊತ್ತು, ಬಸ್ಸಿನಲ್ಲಿ ಕಂಡಕ್ಟರರ ಬೈಗುಳ ತಿಂದ ಜಲಜ ಹಟಕ್ಕೆ ಬಿದ್ದು ಲೈಸೆನ್ಸ್ ಮಾಡಿಸಿದ್ದಳು. ಕೊಕ್ಕರ್ಣೆಯವರೊಬ್ಬರ ಹಳೇ ಟೆಂಪೋ ಕೊಂಡಿದ್ದಳು. ೨೦೧೩ರ ಆಗಸ್ಟಿನಲ್ಲಿ ಮಳೆಗಾಲದ ರಜೆ ಮುಗಿದು ಕಡಲಿಗೆ ಮತ್ತೆ ದೋಣಿ ಇಳಿದ ಮೇಲೆ ಮೀನು ತುಂಬಿಕೊಂಡು ಇದೇ ಮೊದಲ ಟ್ರಿಪ್ಪು, ಗಂಗೊಳ್ಳಿಯಿಂದ ಅಮಾಸೆಬೈಲಿಗೆ. ಆದರೆ ಮುಂಬೈಯಲ್ಲಿ ಟ್ಯಾಕ್ಸಿ ಬಿಟ್ಟ ಅಕ್ಕನ ಗಂಡ ಶೀನ ಇರುವಾಗ ಸ್ಟಿಯರಿಂಗು ಅವಳ ಕೈಗೆ ಸಿಗುವುದುಂಟೆ?

“ಏರ್-ತಗ್ಗ್ ರಸ್ತಿ, ಹೆಂಗ್ಸ್ರ್ ಕೈಯಂಗೆ ಆಪ್ದಲ್ಲ” ಎಂದು ಅವನೇ ಹತ್ತಿ ಕೂತಿದ್ದ. ಜಲಜ ಪಕ್ಕದ ಸೀಟಿಗೆ ಹತ್ತಿದ್ದಳು.

ಹೆಮ್ಮಾಡಿಯ ಟಯರ್ ಅಂಗಡಿ ಕಂಡದ್ದೇ ಅವಳು ಗಾಡಿ ನಿಲ್ಲಿಸಲು ಹೇಳಿದಳು. ಬಂದರಿನಲ್ಲಿ ನೀರು ಬಿದ್ದು ಮುಂದಿನ ಟಯರಿನ ಕಪ್ಪು ಪಾಲಿಶ್ ಹೋಗಿತ್ತು. ಅದರಡಿ ಸಣ್ಣ ಸಣ್ಣ ಗೆರೆ ಕಂಡಾಗಿನಿಂದ ಅವಳಿಗೆ ಸಮಾಧಾನವಿರಲಿಲ್ಲ.

ಶೀನ ಇಳಿದು ಟಯರಿನ ಸಂದಿಗೆ ಬೆರಳು ತೂರಿಸಿ ತೋರಿಸಿದ. “ಕಾಣ್, ಗ್ರಿಪ್ ಒಂಚೂರೂ ಸವ್ದಿಲ್ಲ. ಇಷ್ಟ್ ವರ್ಷ ಸ್ಟೆಪ್ನಿ ಆಗಿತ್ತಂಬ್ರ್, ರಸ್ತಿಯೇ ಕಾಣ್ಲಿಲ್ಲ. ಹೊಸತ್ ಅಲ್ದೆ ಎಂತ?”

ಅದನ್ನು ಮುಂದಕ್ಕೆ ಹಾಕಿ ಟೆಂಪೋ ಮಾರಿದವರೂ ಹಾಗೇ ನಂಬಿದ್ದರು. ಜಲಜ ಮಾತ್ರ ಮೀನಿನ ಕಿವಿರು ಬಿಡಿಸಿ ನೋಡುವವಳ ಹಾಗೆ ಕುಕ್ಕರುಗಾಲಲ್ಲಿ ಕೂತು ಟಯರಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಗೆರೆಗಳು ಬಾಯಿ ಬಿಟ್ಟವು.

“ಐಸಂಗಿಟ್ಟ ಮೀನ್ ಯಾರೂ ಮುಟ್ಲಿಲ್ಲ ಅಂದ್ಹೇಳಿ ತಾಜಾ ಆತ್ತಾ ಭಾವ?”

ಅಂಗಡಿಯ ರತನ್ ಬಂದು, ಟಯರಿನ ಮೇಲೆ ಅಚ್ಚಾಗಿದ್ದ ನಾಲ್ಕು ಅಂಕಿ ಹುಡುಕಿ ಓದಿದ. “1103. ಎರಡ್ ಸಾವ್ರದ್ ಮೂರ್ನೇ ಇಸ್ವಿ, ಹನ್ನೊಂದ್ನೇ ವಾರ ಮಾಡದ್ದ್. ಹತ್ತ್ ವರ್ಷ ಆಯ್ತ್ ಅಕ್ಕ. ಕೂತಲ್ಲೇ ರಬ್ಬರ್ ಒಣಗಿತ್ತ್.”

“ಟಯರ್ ಮಾರೂಕೆ ಹೇಳುದ್ ಅವ” ಎಂದು ಶೀನ ಗೊಣಗಿದ. “ಐಸ್ ಕರಗ್ತಾ ಇತ್ತ್. ತಡ ಆರೆ ಅಲ್ಲಿಯವ್ರ್ ಬೇರೆ ಗಾಡಿ ಮೀನ್ ತಕಂತ್ರ್. ಹತ್ತ್.”

ಅದು ಸುಳ್ಳಲ್ಲ ಎಂದು ಜಲಜಳಿಗೂ ಗೊತ್ತಿತ್ತು. ಮೊದಲ ದಿನವೇ ಗಿರಾಕಿ ತಪ್ಪಿದರೆ ಮತ್ತೆ ಬುಟ್ಟಿಯೇ ಗತಿ. ಆದರೂ ಅವಳು ಕದಲಲಿಲ್ಲ.

“ನಾ ಹೋತಿಲ್ಲೆ. ನಿಮ್ನೂ ಕಳ್ಸುದಿಲ್ಲೆ. ಏನಾರೂ ಆರೆ ಅಕ್ಕನಿಗೆ ಎಂತ ಹೇಳ್ಕ್ ನಾನ್?”

ರತನ್ ಟಯರ್ ಬಿಚ್ಚಿ, ಎರಡೂ ಕೈಯಿಂದ ಹಿಡಿದು ಬಾಗಿಸಿದ. ಬದಿ ಚರ್ರನೆ ಸೀಳಿ ಒಳಗಿನ ದಾರ ಹೊರಗೆ ಬಂತು. ಶೀನನ ಮುಖ ಬಿಳುಚಿತು. ಹೊಸ ಟಯರು ಕೂರಿಸಿ ಮುಗಿಯುವವರೆಗೂ ಅವನು ಆ ಸೀಳನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಜಲಜ ಅಮಾಸೆಬೈಲಿಗೆ ಫೋನು ಮಾಡಿ, ಅರ್ಧ ಗಂಟೆ ತಡವೆಂದು ಹೇಳಿದಳು. ಅಲ್ಲಿಯವರು ಕಾಯುತ್ತೇವೆ ಎಂದರು.

ಶೀನ ಚಾಲಕನ ಬಾಗಿಲ ತನಕ ಹೋದವನು ತಿರುಗಿ ಬಂದು ಕೀಲಿಕೈ ಅವಳ ಕೈಗಿಟ್ಟ.

“ಆ ಗೆರಿ ನಾನ್ ಕಂಡಿರೂ ಗಾಡಿ ಬಿಡ್ತಿದ್ದೆ ಮರಾಯ್ತಿ. ನೀನೇ ಬಿಡ್. ನಾ ಬದಿಯಂಗೆ ಕೂಕಂತೆ.”

ಜಲಜ ಗಾಡಿ ಹೊರಡಿಸುವಾಗ ಗೇರು ಒಮ್ಮೆ ಕಿರುಗುಟ್ಟಿತು. ಅಮಾಸೆಬೈಲು ಮುಟ್ಟುವವರೆಗೂ ಶೀನ ಒಂದೇ ಒಂದು ಬುದ್ಧಿಮಾತು ಹೇಳಲಿಲ್ಲ. ಅವನಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.