ಅಆಇಈಗೆ ಬಂದ ಮೆಚ್ಚುಗೆ

ಆನ್‌ಲೈನ್ ತರಗತಿಗೆ ಚರ್ಚೆಯ ಪುಟ ತೆರೆದ ದಿನ, ಬರೆದದ್ದು ಕಾಣುತ್ತದೋ ಇಲ್ಲವೋ ನೋಡೋಣವೆಂದು ಇತಿಹಾಸದ ಮೇಡಂ "ಅಆಇಈ" ಎಂದು ಹಾಕಿ, ಅಳಿಸುವುದನ್ನೇ ಮರೆತಿದ್ದರು. ಪ್ರತಿಕ್ರಿಯೆ ಬರೆದವರಿಗೆ ಐದು ಅಂಕ ಎಂದೂ ಹೇಳಿದ್ದರು. ಅಂಕ ಕೊಡಲು ಕೂತು ನೋಡಿದರೆ ಅದರ ಕೆಳಗೇ ಸಾಲುಸಾಲು ಹೊಗಳಿಕೆ: "ಎಂಥಾ ಆಳವಾದ ವಿಚಾರ ಮೇಡಂ, ಮನಸ್ಸಿಗೆ ನಾಟಿತು!"

ಮೇಡಂಗೆ ಪಿತ್ತ ನೆತ್ತಿಗೇರಿತು. "ನನ್ನ ಕಿವಿ ಮೇಲೆ ಹೂ ಇಡ್ತೀರಾ? ಹೊಗಳೋ ಮೊದಲು ಒಂದು ಸಾಲು ಓದೋಕೂ ಪುರುಸೊತ್ತಿಲ್ವಾ? ನಾಚಿಕೆ ಆಗಬೇಕು!" ಎಂದು ಅದೇ ಪುಟದಲ್ಲಿ ಜಾಡಿಸಿ, ಹೊಗಳಿದವರಿಗೆಲ್ಲ ಸೊನ್ನೆ ಸುತ್ತಿದರು.

ಎಲ್ಲ ಪುಟಗಳ ಮೇಲೂ ಕಣ್ಣಿಡುವ ಹೊಣೆ ಪ್ರಾಂಶುಪಾಲರದು. ಮೇಡಂ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆ ಬೈಗುಳದ ಕೆಳಗೆ ಪ್ರಾಂಶುಪಾಲರ ಉತ್ತರ ಬಂತು:

"ಬಹಳ ಸ್ಫೂರ್ತಿದಾಯಕ ಮಾತು ಮೇಡಂ. ಹೀಗೇ ಬರೀತಾ ಇರಿ."