ಬಂದ ಪತ್ರಕ್ಕೆಲ್ಲ ಉತ್ತರ

ಪರದೆಯ ಮೇಲ್ತುದಿಯಲ್ಲಿ ಒಂದು ಕೆಂಪು ಪಟ್ಟಿ: ಇನ್ನು ಜಾಗವಿಲ್ಲ. ಅದರ ಕೆಳಗೆ ಸಾಲುಸಾಲಾಗಿ ಓದದ ಪತ್ರಗಳು. ಕಪ್ಪಗೆ, ದಪ್ಪಗೆ, ಅಲುಗದೆ ನಿಂತಿವೆ. ಗಾಜಿನ ಬಾಗಿಲಿನಿಂದ ಇಳಿದ ಬಿಸಿಲು ಕೀಲಿಮಣೆಯ ಅರ್ಧವನ್ನಷ್ಟೇ ಬೆಳಗಿದೆ. ಉಳಿದರ್ಧದ ನೆರಳಿನಲ್ಲಿ ಒಂದು ಮುದಿಗೈ, ಏನನ್ನೂ ಒತ್ತದೆ, ಸುಮ್ಮನೆ ಬಿದ್ದಿದೆ.

ಆ ಕೈ ನಿವೃತ್ತ ಅಧ್ಯಾಪಕ ಮಹೇಶ್ವರಪ್ಪನವರದು. ಚನ್ನಗಿರಿ ಬಸ್ ನಿಲ್ದಾಣದ ಎದುರಿನ ಈ ಕಂಪ್ಯೂಟರ್ ಅಂಗಡಿ ಅವರ ಹಳೆಯ ವಿದ್ಯಾರ್ಥಿನಿ ನೇತ್ರಾವತಿಯದು. ಬೆಳಿಗ್ಗೆ ಬಿಳಿಚೋಡಿನಿಂದ ಗೆಳೆಯ ಷಣ್ಮುಖಪ್ಪನ ಮೊಮ್ಮಗಳು ಪೂಜಾ ಫೋನ್ ಮಾಡಿದ್ದಳು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಷಣ್ಮುಖಪ್ಪನಿಗೆ ದನಿಯಿಲ್ಲ. ದಿನಕ್ಕೊಂದು ಇ-ಮೇಲ್ ಅವನ ಮಾತು.

"ತಾತನ ಪತ್ರ ಹದಿನೈದು ದಿನದಿಂದ ವಾಪಸ್ ಬರ್ತೈತೆ ಅಜ್ಜಾ. ನೀವೇ ಬ್ಯಾಡ ಅಂದ್ರಿ ಅಂದ್ಕಂಡು ಬರೆಯಾದೇ ಬಿಟ್ಟಾರೆ" ಎಂದಿದ್ದಳು.

ಮಹೇಶ್ವರಪ್ಪನವರು ಕಳುಹಿಸಿದ್ದ ಪತ್ರಗಳ ಪಟ್ಟಿಯನ್ನು ನೇತ್ರಾವತಿ ತೆರೆದಳು.

"ಸರ್, ಲಾಟರಿಯೋರಿಗೆ, ಕೂದಲೆಣ್ಣೆಯೋರಿಗೆ, ಎಲ್ಲಾರಿಗೂ ಉತ್ತರ ಬರ್ದೀರಲ್ರಿ."

"ದಯವಿಟ್ಟು ಇನ್ನು ಕಳಿಸಬೇಡಿ ಅಂತ ಬರ್ದೀನಮ್ಮ. ಬಂದ ಪತ್ರಕ್ಕೆ ಉತ್ತರ ಕೊಡದೆ ಇರಾಕೆ ಆಗ್ತೈತಾ?"

"ಇಂಥೋರಿಗೆ ಉತ್ತರ ಬರೆದ್ರೆ, ಮನೇಲಿ ಯಾರೂ ಇಲ್ಲ ಅಂತ ಒಳಗಿಂದ ನೀವೇ ಕೂಗಿದಂಗಾತು. ಕೇಳಿಸ್ಕಂಡೋನು ಹತ್ತು ಮಂದೀನ ಕರ್ಕಂಡು ಬರ್ತಾನೆ."

ಅರವತ್ತು ವರ್ಷ ಒಂದು ಕಾರ್ಡಿಗೂ ಉತ್ತರ ತಪ್ಪಿಸದ ಕೈಯನ್ನು ಮಹೇಶ್ವರಪ್ಪ ಮಡಿಲಿಗೆ ಎಳೆದುಕೊಂಡರು.

"ಕವಿಗೋಷ್ಠಿ ಕರಪತ್ರದಾಗೆ ಈ ಇ-ಮೇಲ್ ವಿಳಾಸ ಹಾಕ್ಸಿದ್ದೂ ನೀವೇನಾ?"

"ಹೊಸ ಕವಿಗಳು ಬರೀಲಿ ಅಂತ."

"ಕವಿಗಳು ಎಷ್ಟು ಮಂದಿ ಬರೆದ್ರು?"

"ಒಬ್ಬ. ಅವನೂ ವಿಮೆ ಮಾಡಿಸ್ರಿ ಅಂದ."

ನೇತ್ರಾವತಿ ನಗುತ್ತಲೇ ಕಸವನ್ನೆಲ್ಲ ಅಳಿಸಿದಳು; ಆದರೂ ಹಳೆಯ ವಿಳಾಸದಿಂದ ಮತ್ತೆ ಪತ್ರ ಹೋಗಲು ಒಂದು ದಿನ ಹಿಡಿಯುವುದಿತ್ತು. ಹೊಸ ವಿಳಾಸವೊಂದನ್ನು ಮಾಡಿಕೊಟ್ಟಳು. "ಕರಪತ್ರ, ಅಂಗಡಿ, ಅರ್ಜಿ, ಎಲ್ಲಕ್ಕೂ ಹಳೇದು ಕೊಡ್ರಿ. ಇದು ನಿಮಗೆ ಬೇಕಾದೋರಿಗೆ ಮಾತ್ರ. ಬ್ಯಾಡದ್ದು ಬಂದ್ರೆ ತೆರೀಬ್ಯಾಡ್ರಿ, ಉತ್ತರ ಬರೀಲೂಬ್ಯಾಡ್ರಿ."

ಹೊಸ ವಿಳಾಸದಿಂದ ಮೊದಲ ಪತ್ರ ಷಣ್ಮುಖಪ್ಪನಿಗೇ ಹೋಯಿತು: 'ಜಾಗವಿರಲಿಲ್ಲ, ಮನಸ್ಸಿತ್ತು. ಬರೆ.'

ಮಹೇಶ್ವರಪ್ಪ ಎದ್ದರು, ಕುಳಿತರು, ಮತ್ತೆ ಎದ್ದರು. ಚಹಾ ಆರುವುದರೊಳಗೆ ಉತ್ತರಿಸುವವನು ಷಣ್ಮುಖಪ್ಪ. ಅರ್ಧ ಗಂಟೆ ಕಳೆದರೂ ಪರದೆ ಖಾಲಿ.

"ಹೊಸ ವಿಳಾಸ ನೋಡ್ರಿ" ಎಂದಳು ನೇತ್ರಾವತಿ, ಮೆಲ್ಲಗೆ. "ಅವರ ಗುರುತಿನದಲ್ಲ. ಅಲ್ಲಿ ನಿಮ್ಮ ಪತ್ರಾನೇ ಬ್ಯಾಡದ್ದರ ಡಬ್ಬಿಗೆ ಬಿದ್ದಿರಬೌದು."

"ನಂದಾ?"

"ಹೂಂ ಸರ್. ಫೋನ್ ಮಾಡ್ರಿ, ಮಾತಾಡಾಕೆ ಆಗದಿದ್ರೂ ಕೇಳಿಸ್ಕಂತಾರೆ."

"ಆಗ್ಲೇ ಮೂರು ಸಲ ಮಾಡ್ದೆ. ಅವನು ಎತ್ತವಲ್ಲ. ಪೂಜಾನೂ ಕಾಲೇಜಿಗೆ ಹೋಗ್ಯಾಳೆ."

ಅವರು ಕೈಚೀಲದಿಂದ ಒಂದು ಅಂಚೆ ಕಾರ್ಡು ತೆಗೆದು, ಪರದೆ ನೋಡಿಕೊಂಡು, ಹೊಸ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಬರೆದರು.

"ಅಂಚೆಗೆ ಹಾಕ್ತೀರಾ? ಮೂರು ದಿನ ಆಗ್ತೈತೆ."

"ಕೈಯಾಗೇ ಕೊಡ್ತೀನಿ. ದಾವಣಗೆರೆ ಬಸ್ಸು ಹೊಂಟೈತೆ, ಅಲ್ಲಿಂದ ಬಿಳಿಚೋಡು ಎಷ್ಟೊತ್ತು."

ಕಾರ್ಡನ್ನು ಅಂಗಿಯ ಜೇಬಿಗಿಟ್ಟುಕೊಂಡು ಅವರು ಹೊರಟರು. ಅವರ ಬೆನ್ನ ಹಿಂದೆ ಗಾಜಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.