ಸಾಕ್ಷಿಯ ಸಹಿ

ವೆಂಡೆಲ್‌ನ ಮೊದಲ ಏಟು ಬಿದ್ದದ್ದು ಗುಜರಿಯವನ ದವಡೆಗೆ. ಸನಿವೇಲ್‌ನ ಓಕ್‌ಹಾಲೋ ಕಂಪನಿಯಲ್ಲಿ ವೆಂಡೆಲ್ ಹನ್ನೊಂದು ವರ್ಷ ಬೆವರು ಸುರಿಸಿ ಕಟ್ಟಿದ ಮೇನ್‌ಫ್ರೇಮ್ ಎಂಬ ಬೃಹತ್ ಕಂಪ್ಯೂಟರ್ ಯಂತ್ರವನ್ನು ಒಡೆಯಲು ಬಂದವನು ಅವನು. ಹಲ್ಲೊಂದು ನೆಲಕ್ಕುದುರಿತು. ಅವನ ಜೊತೆಯವರು ಹಿಂದೆ ಸರಿದರು. ಕಾಗದ ಹಿಡಿದಿದ್ದ ಎದುರಾಳಿ ಕಂಪನಿಯ ವಕೀಲೆ ಬಾಗಿಲಿಗೆ ಅಂಟಿಕೊಂಡಳು. ವೆಂಡೆಲ್ ಗುಜರಿಯವನ ಸುತ್ತಿಗೆಯನ್ನು ಕಿತ್ತುಕೊಂಡು ಯಂತ್ರಕ್ಕೆ ಅಡ್ಡ ನಿಂತ.

ಮೇನ್‌ಫ್ರೇಮ್ ಮಾರುಕಟ್ಟೆಯನ್ನಾಳುವ ಆ ದೊಡ್ಡ ಕಂಪನಿಯ ತಂತ್ರಾಂಶ ಈ ಯಂತ್ರದ ಮೇಲೂ ಓಡುತ್ತಿತ್ತು, ಅದೂ ಅರ್ಧ ಬೆಲೆಗೆ. ಅದೇ ಅದರ ಪಾಪ. ದೊಡ್ಡವರು ಪರವಾನಗಿ ಕೊಡುವುದಿಲ್ಲವೆಂದರು, ಪೇಟೆಂಟ್ ಕದ್ದಿರೆಂದು ದಾವೆ ಹೂಡಿದರು. ಮಾರುಕಟ್ಟೆಯನ್ನೇ ನುಂಗುತ್ತಿದ್ದಾರೆಂದು ಓಕ್‌ಹಾಲೋದವರು ಏಕಸ್ವಾಮ್ಯದ ದೂರು ಕೊಟ್ಟರು. ಗೆಲ್ಲುವ ದೂರು. ಆದರೆ ಇದ್ದಕ್ಕಿದ್ದಂತೆ ರಾಜಿಯಾಯಿತು: ದೂರು ವಾಪಸ್, ಯಂತ್ರ ಪುಡಿ. ಒಳಗಿನವರೇ ಯಾರೋ ಮಾರಿಕೊಂಡರೆಂದು ವೆಂಡೆಲ್ ಕುದಿಯುತ್ತಿದ್ದ.

ವೆಂಡೆಲ್‌ನ ಲ್ಯಾಬಿನ ಜೊತೆಗಾರ ಇರ್ವಿನ್ ಓಡಿ ಬಂದ. ಪೊಲೀಸರು ಬರುವ ಮೊದಲು ಸುತ್ತಿಗೆ ಕೆಳಗಿಡೆಂದು ಬೇಡಿಕೊಂಡ. ವೆಂಡೆಲ್ ಜಗ್ಗಲಿಲ್ಲ.

"ಯಾರೂ ಮಾರ್ಕೊಂಡಿಲ್ಲ ಕಣೋ. ಕೆಡಿಸಿದ್ದು ನಾನೇ," ಎನ್ನುತ್ತಾ ಇರ್ವಿನ್ ಜೇಬಿನಿಂದ ಒಂದು ನಕಲು ಪ್ರತಿ ತೆಗೆದ.

ಲ್ಯಾಬಿನ ನೋಟ್‌ಬುಕ್ಕಿನ ಪುಟ. ಇರ್ವಿನ್‌ನ ಕೈಬರಹ: 'ಇವತ್ತು ಅವರ ಪೇಟೆಂಟ್ ಓದಿದೆ. ನಮ್ಮದೇ ಚುರುಕು.' ಎದುರಾಳಿಯ ಪೇಟೆಂಟ್ ಓದಲೇಬೇಡಿ ಎಂದು ವಕೀಲರು ಬಡಿದುಕೊಂಡಿದ್ದರು. ಪೇಟೆಂಟ್ ಇದೆಯೆಂದು ತಿಳಿದೂ ಉಲ್ಲಂಘಿಸಿದರೆ ತೆರಬೇಕಾದ ಪರಿಹಾರ ಮೂರು ಪಟ್ಟಿನವರೆಗೆ ಏರುತ್ತದೆ. ದಾವೆಗಾಗಿ ಒಪ್ಪಿಸಿದ ನೋಟ್‌ಬುಕ್ಕುಗಳಲ್ಲಿ ಆ ಸಾಲು ಎದುರಾಳಿಯ ಕಣ್ಣಿಗೆ ಬಿದ್ದ ದಿನವೇ ಕಂಪನಿ ಮಂಡಿಯೂರಿತ್ತು.

ವೆಂಡೆಲ್ ಸುತ್ತಿಗೆ ಬಿಸುಟು ಅವನ ಕತ್ತು ಹಿಡಿದು ಗೋಡೆಗೆ ಚಚ್ಚಿದ. ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ಮೂಗಿನ ರಕ್ತ ಪುಟದ ಮೇಲೆ ತೊಟ್ಟಿಕ್ಕಿತು. ಇರ್ವಿನ್ ಕೈ ಅಡ್ಡ ಹಿಡಿಯಲಿಲ್ಲ.

"ಕೆಳಗಡೆ ನೋಡು," ಎಂದ, ಅಷ್ಟೆ.

ಕೆಳಗೆ 'ಓದಿದ್ದೇನೆ, ಅರ್ಥವಾಗಿದೆ' ಎಂಬ ಅಚ್ಚಿನ ಸಾಲು. ಅದರಡಿ ಸಾಕ್ಷಿಯ ಸಹಿ, ವೆಂಡೆಲ್‌ನದೇ. ಪ್ರತಿ ಪುಟಕ್ಕೂ ಜೊತೆಗಾರನೊಬ್ಬ ಓದಿ ಸಹಿ ಹಾಕಬೇಕು. ಶುಕ್ರವಾರ ಸಂಜೆ ಬಿಯರ್ ಹೀರುತ್ತಾ ವಾರದ ಪುಟಗಳಿಗೆಲ್ಲ ಓದದೆ ಒಟ್ಟಿಗೆ ಗೀಚುವುದು ಇವರ ರೂಢಿ. ಅಂದೇ ಓದಿದ್ದರೆ ವಿನ್ಯಾಸದ ಆ ಭಾಗವನ್ನೇ ಬದಲಿಸಬಹುದಿತ್ತು. ಹಾಳು ಶುಕ್ರವಾರಗಳು.

ವೆಂಡೆಲ್ ಕತ್ತು ಬಿಟ್ಟ. ತಿರುಗಿ, ಸುತ್ತಿಗೆ ಎತ್ತಿಕೊಂಡು ತಾನೇ ಯಂತ್ರದ ಮೇಲೆ ಬೀಸಿದ. ಅದರ ಬಾಗಿಲು ನುಜ್ಜುಗುಜ್ಜಾಯಿತು, ಬೋರ್ಡುಗಳು ಸಿಡಿದವು, ಅಂಗೈ ಸುಲಿದು ಹಿಡಿಯೆಲ್ಲ ರಕ್ತವಾಯಿತು. ಹೊಡೆಯುತ್ತಾ ಅತ್ತ. ಮುಗಿಯುವವರೆಗೆ ಯಾರೂ ಹತ್ತಿರ ಸುಳಿಯಲಿಲ್ಲ.

ಕೊನೆಗೆ ವಕೀಲೆ ಕಾಗದ ಚಾಚಿದಳು. ಯಂತ್ರ ನಾಶವಾದದ್ದಕ್ಕೆ ಸಾಕ್ಷಿ ಬೇಕಿತ್ತು.

"ಇಲ್ಲೊಂದು ಸಹಿ ಹಾಕಿ ಸಾಕು. ಓದೋದೇನೂ ಬೇಕಾಗಿಲ್ಲ."

ವೆಂಡೆಲ್ ಕೈಯ ರಕ್ತವನ್ನು ಅಂಗಿಗೆ ಒರೆಸಿಕೊಂಡ. ಚೂರುಗಳ ನಡುವೆ ಕುಳಿತು, ಮೊದಲ ಪುಟದಿಂದ, ಸಾಲು ಸಾಲಿಗೂ ಬೆರಳಿಟ್ಟು ಓದತೊಡಗಿದ.